ಫಾದರ್ ಚೌರಪ್ಪ ಮತ್ತು ಅವರ ಇಟಲಿಯ ಬಿಷಪ್ಪು

ಫಾದರ್ ಚೌರಪ್ಪನವರ ಬಲಗೈ ಹೆಬ್ಬೆರಳು ಸುಮ್ಮನೆ ನಿಂತದ್ದನ್ನು ನಾನು ನೋಡಿದ್ದು ಕಡಿಮೆ. ಅದು ಉಳಿದ ನಾಲ್ಕು ಬೆರಳುಗಳ ಗೆಣ್ಣುಗಳ ಮೇಲೆ ಸದಾ ಹತ್ತಿ ಇಳಿಯುತ್ತಿತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು, ಬಿಳಿ ನಿಲುವಂಗಿಯ ಈ ಮುದುಕರು ಜಪ ಮಾಡುತ್ತಿದ್ದಾರೆಂದು ತಿಳಿದು ಮಾತು ನಿಲ್ಲಿಸುತ್ತಿದ್ದರು. ಫಾದರ್ ಎಣಿಸುತ್ತಿದ್ದದ್ದು ಪದ್ಯದ ಮಾತ್ರೆಗಳನ್ನು. ಒಮ್ಮೆ ಹಲಸೂರಿನಲ್ಲಿ ಅವರಿದ್ದ ವೃದ್ಧ ಪಾದ್ರಿಗಳ ಮನೆಗೆ ಹೊಸದಾಗಿ ಬಂದ ಸಿಸ್ಟರ್ ಒಬ್ಬರು, ಯಾಕೆ ಫಾದರ್ ಸಪ್ಪಗಿದ್ದೀರಿ ಎಂದು ಕೇಳಿದರಂತೆ. "ಒಂದು ಮಾತ್ರೆ ಜಾಸ್ತಿ ಆಗ್ಬಿಟ್ಟಿದೆ ಕಣಮ್ಮ, ಬೆಳಿಗ್ಗೆಯಿಂದ ಒದ್ದಾಡ್ತಾ ಇದೀನಿ," ಎಂದು ಇವರು ಹೇಳಿದ್ದಾರೆ. ಆಕೆ ಗಾಬರಿಯಾಗಿ ಡಾಕ್ಟರನ್ನು ಕರೆಸಿದರು. ಇದನ್ನು ಹೇಳುವಾಗ ಫಾದರ್ ನಗುತ್ತಿರಲಿಲ್ಲ. "ಡಾಕ್ಟ್ರು ಬಂದು ಹೋಗೋ ಅಷ್ಟರಲ್ಲಿ ಸಾಲು ಸರಿಹೋಯ್ತು," ಎಂದಷ್ಟೇ ಹೇಳುತ್ತಿದ್ದರು.

ತೊಂಬತ್ತೇಳರ ಸುಮಾರಿಗೆ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ, ಬಳೆ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ, ನಾನು ಕಂಪ್ಯೂಟರಿನಲ್ಲಿ ಕನ್ನಡ ಡಿಟಿಪಿ, ಅಂದರೆ ಅಕ್ಷರಜೋಡಣೆ, ಮಾಡುತ್ತಿದ್ದೆ. ನನ್ನ ಗಂಡನಿಗೆ ವಿಮಾ ಕಚೇರಿಯಲ್ಲಿ ಕೆಲಸ. ಹಾವೇರಿ ಕಡೆಯಿಂದ ಬಂದ ನಮಗೆ ಬೆಂಗಳೂರು ಇನ್ನೂ ಹೊಸದು. ಮದುವೆ ಪತ್ರಿಕೆ, ಗೃಹಪ್ರವೇಶದ ಆಮಂತ್ರಣ, ಕಾರ್ಖಾನೆಯ ಯೂನಿಯನ್ನಿನ ಕರಪತ್ರ, ಇವೇ ನನಗೆ ಬರುತ್ತಿದ್ದ ಕೆಲಸಗಳು. ಒಂದು ಮಧ್ಯಾಹ್ನ ಫಾದರ್ ಚೌರಪ್ಪನವರು ಮೆಟ್ಟಿಲು ಹತ್ತಿ ಬಂದು, ಬಟ್ಟೆಯ ಚೀಲದಿಂದ ಹನ್ನೊಂದು ನೋಟುಪುಸ್ತಕ ತೆಗೆದು ಮೇಜಿನ ಮೇಲೆ ಜೋಡಿಸಿದರು. ವಯಸ್ಸು ಎಪ್ಪತ್ತು ದಾಟಿತ್ತು. ಹಲಸೂರಿನಿಂದ ನಡೆದೇ ಬಂದಿದ್ದರು.

"ಶಿವಾಜಿನಗರದಲ್ಲಿ ಕೇಳ್ದೆ. ಇಂಗ್ಲಿಷ್ ಮಾಡ್ಕೊಡ್ತೀವಿ, ತಮಿಳು ಮಾಡ್ಕೊಡ್ತೀವಿ, ಉರ್ದುನೂ ಮಾಡ್ಕೊಡ್ತೀವಿ ಅಂದ್ರು. ಕನ್ನಡ ಅಂದ್ರೆ ತಿಪ್ಪಸಂದ್ರಕ್ಕೆ ಹೋಗಿ ಅಂದ್ರು," ಎಂದರು.

ಮೊದಲ ಪುಟ ತೆರೆದು ಓದಿದೆ. ಮೂರು ಮೂರು ಸಾಲಿನ ಪದ್ಯಗಳು. ನಾಲ್ಕು ಪದ್ಯ ಆಗುವಷ್ಟರಲ್ಲಿ ನನಗೆ ಗೊತ್ತಿಲ್ಲದೆಯೇ ಓದು ಹಾಡಾಗಿಬಿಟ್ಟಿತು. ಫಾದರ್ ತಲೆ ಎತ್ತಿ ನೋಡಿದರು.

"ಈ ಧಾಟಿ ನಿಮಗೆಲ್ಲಿ ಸಿಕ್ತು?"

"ನಮ್ಮಜ್ಜಿ ಬೀಸೋವಾಗ ಹಿಂಗೇ ಹಾಡ್ತಿದ್ಲು. ತ್ರಿಪದಿ ಅಲ್ವ ಇದು? ಆದ್ರೆ ಐದನೇ ಪದ್ಯದ ಮೂರನೇ ಸಾಲು ಕಲ್ಲಿಗೆ ಸಿಕ್ಕಂಗೆ ಆಗ್ತದೆ ನೋಡ್ರಿ."

ಅವರು ನೋಟುಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡು ಬೆರಳು ಮಡಿಸಿ ಎಣಿಸಿದರು. ಮತ್ತೆ ಎಣಿಸಿದರು. ಪೆನ್ನು ತೆಗೆದು ಒಂದು ಅಕ್ಷರ ಹೊಡೆದುಹಾಕಿದರು. "ಈ ಕೆಲಸ ನೀವೇ ಮಾಡ್ಬೇಕು," ಎಂದರು. ಆ ಕೆಲಸ ನಾಲ್ಕು ವರ್ಷಕ್ಕಿಂತ ಹೆಚ್ಚು ನಡೆಯಿತು. ನಾನು ಟೈಪ್ ಮಾಡಿದ್ದನ್ನು ಅವರು ತಿದ್ದುತ್ತಿದ್ದರು, ತಿದ್ದಿದ್ದನ್ನು ನಾನು ಟೈಪ್ ಮಾಡಿದ ಮೇಲೆ ಮತ್ತೆ ತಿದ್ದುತ್ತಿದ್ದರು.

ಆ ಪದ್ಯಗಳ ಮೂಲ ಇಟಲಿಯ ಭಾಷೆಯದು. ಆರು ಶತಮಾನದ ಹಿಂದೆ ಅಲ್ಲಿನ ಗುಡ್ಡದ ಮೇಲಿನ ಒಂದು ಸಣ್ಣ ಊರಿಗೆ ಬಿಷಪ್ಪರಾಗಿದ್ದ ಒಬ್ಬ ಸನ್ಯಾಸಿ ಬರೆದದ್ದು. ಅದರಲ್ಲಿ ಒಬ್ಬ ಯುವಕ ಆಸೆಯ ಕಾಡಿನಲ್ಲಿ ದಾರಿ ತಪ್ಪುತ್ತಾನೆ. ದುರ್ಗುಣಗಳು ಆಳುವ ಊರುಗಳನ್ನು ದಾಟುತ್ತಾನೆ. ಕೊನೆಗೆ ಸದ್ಗುಣಗಳು ವಾಸಿಸುವ ಬೆಟ್ಟ ಹತ್ತುತ್ತಾನೆ. ಕಥೆ ಇಷ್ಟೇ. ಕನಕಪುರದ ಕಡೆಯ ಹಳ್ಳಿಯಲ್ಲಿ ಹುಟ್ಟಿದ ಚೌರಪ್ಪನವರನ್ನು ಹೆಚ್ಚಿನ ಓದಿಗೆಂದು ರೋಮಿಗೆ ಕಳಿಸಿದ್ದಾಗ, ಅಲ್ಲಿನ ಗ್ರಂಥಾಲಯವೊಂದರ ಮೂಲೆಯಲ್ಲಿ ಈ ಪುಸ್ತಕ ಅವರ ಕೈಗೆ ಸಿಕ್ಕಿತು. ಎರಡು ಚಳಿಗಾಲ ಕೂತು ಇಡೀ ಪುಸ್ತಕವನ್ನು ಕೈಯಲ್ಲಿ ನಕಲು ಮಾಡಿಕೊಂಡು ಬಂದರು.

"ಓದೋರು ಯಾರೂ ಇಲ್ಲ ಅವರನ್ನ," ಎನ್ನುತ್ತಿದ್ದರು. "ಅವರಿಗಿಂತ ಸ್ವಲ್ಪ ಮುಂಚೆ ಅದೇ ದೇಶದಲ್ಲಿ ಒಬ್ಬ ಬಹಳ ದೊಡ್ಡ ಕವಿ ಇಂಥದ್ದೇ ಯಾತ್ರೆ ಬರೆದುಬಿಟ್ಟಿದ್ದ. ಎಲ್ರೂ ಅವನನ್ನ ಓದ್ತಾರೆ, ಇವರನ್ನ ನಕಲು ಅಂತಾರೆ. ನಮ್ಮ ಬಿಷಪ್ಪರು ಪಾಪ, ಹಗಲೆಲ್ಲ ಊರಿನ ಜಗಳ ತೀರಿಸಿ, ಸತ್ತೋರನ್ನ ಮಣ್ಣು ಮಾಡಿ, ಉಳಿದ ಹೊತ್ತಲ್ಲಿ ಬರೀತಿದ್ರು."

ಹೀಗೆ ಎಲ್ಲದಕ್ಕೂ 'ನಮ್ಮ ಬಿಷಪ್ಪರು' ಎನ್ನುವುದು ಅವರ ರೂಢಿ. ಇದರಿಂದ ಅಂಗಡಿಯಲ್ಲಿ ಫಜೀತಿ ಆಗುತ್ತಿತ್ತು. ಪ್ರೂಫ್ ನೋಡುತ್ತ, "ನಮ್ಮ ಬಿಷಪ್ಪರು ಸೋಮಾರಿಗಳನ್ನ ಕೆಸರಲ್ಲಿ ಕೂರಿಸಿದಾರೆ," ಎಂದು ಒಮ್ಮೆ ಅವರು ಹೇಳಿದಾಗ, ಮಗಳ ಮದುವೆ ಪತ್ರಿಕೆಗೆ ಬಂದಿದ್ದ ಕ್ರಿಶ್ಚಿಯನ್ ಗೃಹಸ್ಥರೊಬ್ಬರು ಆತಂಕದಿಂದ, "ಯಾವಾಗ ಫಾದರ್? ನಮ್ಗೆ ಗೊತ್ತೇ ಆಗ್ಲಿಲ್ವಲ್ಲ," ಎಂದಿದ್ದರು.

ಅವರ ದೊಡ್ಡ ತಲೆನೋವು ವ್ಯಾಕರಣ. ಮೂಲದಲ್ಲಿ ದುರ್ಗುಣ ಸದ್ಗುಣಗಳೆಲ್ಲ ಹೆಚ್ಚುಕಮ್ಮಿ ಹೆಂಗಸರು. ಅಹಂಕಾರ ರಾಣಿ, ತಾಳ್ಮೆಯೂ ರಾಣಿ. ಕನ್ನಡದಲ್ಲಿ ಎಲ್ಲವೂ 'ಅದು'. 'ಅದು ಸಿಂಹಾಸನದ ಮೇಲೆ ಕೂತಿತ್ತು' ಎಂದರೆ ಬೆಕ್ಕು ಕೂತಂತೆ ಕಾಣುತ್ತದೆ ಎಂದು ನಾನು ಹೇಳಿದೆ. ಆಸೆಯ ದೇವರಿಗೆ ಮನ್ಮಥ ಎಂದು ಹಾಕಿ ಎಂದಿದ್ದೆ. ಅದನ್ನು ಸಂತೋಷವಾಗಿ ಒಪ್ಪಿದ್ದರು. ಆದರೆ ಹೊಟ್ಟೆಕಿಚ್ಚು ಒಂದು ತಿಂಗಳು ಅವರನ್ನು ಕಾಡಿತು. ಕೊನೆಗೆ ಕೆಳಗೆ ರಸ್ತೆ ಬದಿಯಲ್ಲಿ ಸೊಪ್ಪು ಮಾರುತ್ತಿದ್ದ ಮುನಿಯಮ್ಮನನ್ನು ಕೇಳಿಯೇಬಿಟ್ಟರು.

"ಏನಮ್ಮ, ಹೊಟ್ಟೆಕಿಚ್ಚು ಗಂಡ್ಸೋ ಹೆಂಗ್ಸೋ?"

ಮುನಿಯಮ್ಮ ದಂಟಿನ ಸೊಪ್ಪಿಗೆ ನೀರು ಚಿಮುಕಿಸುತ್ತಲೇ ಹೇಳಿದಳು: "ಅದುಕ್ಕೆ ಗಂಡ್ಸು ಹೆಂಗ್ಸು ಎಲ್ಲೈತೆ ಸ್ವಾಮಿ. ಬಾಡ್ಗೆ ಮನೆ ಇದ್ದಂಗೆ ಅದು. ಯಾರ್ ಬೇಕಾದ್ರೂ ಬಂದು ಇರ್ತಾರೆ."

ಫಾದರ್ ಮೇಲೆ ಬಂದು ಆ ಸರ್ಗವನ್ನು ಪೂರ್ತಿ ಬದಲಾಯಿಸಿದರು. ಹೊಟ್ಟೆಕಿಚ್ಚಿನ ರಾಣಿ ಹೋಗಿ, ಹೊಟ್ಟೆಕಿಚ್ಚು ಎಂಬ ಮನೆ ಬಂತು. ನನಗೆ ಮೂವತ್ತು ಪುಟದ ಕೆಲಸ ಮತ್ತೆ ಬಂತು.

ಅವರು ಸೌಮ್ಯರೇನೂ ಅಲ್ಲ. ಒತ್ತಕ್ಷರ ತಪ್ಪಿದರೆ ಪುಟವನ್ನು ಮಡಿಚಿ ನನ್ನ ಮುಂದೆ ಸರಿಸಿ ಕಿಟಕಿಯ ಕಡೆ ನೋಡುತ್ತ ಕೂರುತ್ತಿದ್ದರು. ಬೈಗುಳಕ್ಕಿಂತ ಅದು ಕಷ್ಟ. ತಮ್ಮ ಕಷ್ಟಸುಖ ಹೇಳಿಕೊಂಡವರಲ್ಲ, ನನ್ನದನ್ನು ಕೇಳಿದವರೂ ಅಲ್ಲ. ನನಗೆ ಎರಡನೇ ಸಲ ಗರ್ಭ ನಿಲ್ಲದೆ ಹೋಗಿ, ಹದಿನೈದು ದಿನ ಅಂಗಡಿ ಮುಚ್ಚಿದ್ದೆ. ಬಾಗಿಲು ತೆರೆದ ದಿನ ಬಂದು, ಒಂದು ಪುಟ ಮಾತ್ರ ಕೊಟ್ಟು, "ಇವತ್ತಿಗೆ ಇಷ್ಟು ಸಾಕು," ಎಂದು ಹೊರಟುಹೋದರು. ವಾರವಿಡೀ ದಿನಕ್ಕೊಂದು ಪುಟ. ಯಾರೋ ಅವರಿಗೆ ಹೇಳಿರಬೇಕು.

ಎರಡು ಸಾವಿರದ ಒಂದರಲ್ಲಿ ಅಹಂಕಾರದ ಊರು ಟೈಪಿಗೆ ಬಂತು. ಫಾದರ್ ಪ್ರತಿ ಪದ್ಯದ ಎಡಗಡೆ, ಅದು ಮೂಲದ ಎಷ್ಟನೇ ಸಾಲು ಎಂದು ಸಣ್ಣದಾಗಿ ಬರೆಯುತ್ತಿದ್ದರು. ಆ ಸರ್ಗದ ನಡುವೆ ಇಪ್ಪತ್ತು ಪದ್ಯಗಳಿಗೆ ಸಂಖ್ಯೆಯೇ ಇರಲಿಲ್ಲ. ಅವುಗಳಲ್ಲಿ ಒಬ್ಬ ಪಾದ್ರಿ ಮುಚ್ಚಿದ ಗೇಟಿನ ಒಳಗೆ ನಿಂತಿದ್ದ. ಕೈಯಲ್ಲಿ ಬೀಗದ ಕೈ ಇದ್ದರೂ ಹೊರಗೆ ಬರಲಾರ. ನಂಬರು ಹಾಕೋದು ಮರೆತಿರಾ ಎಂದು ಕೇಳಿದೆ.

"ಮರೆತಿಲ್ಲ. ಅದು ನಮ್ಮ ಬಿಷಪ್ಪರದ್ದಲ್ಲ. ನಂದು."

ಆಮೇಲೆ, ಮದುವೆ ಪತ್ರಿಕೆಯ ಒಕ್ಕಣೆ ಹೇಳುವಂಥ ದನಿಯಲ್ಲಿ, ವಿಷಯ ಹೇಳಿದರು. ನಲವತ್ತು ವರ್ಷದ ಹಿಂದೆ, ರೋಮಿನಿಂದ ಬಂದು ವರ್ಷವಾಗಿರಲಿಲ್ಲ, ಅವರನ್ನು ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಒಂದು ಚರ್ಚಿಗೆ ಹಾಕಿದ್ದರು. ಅಂತೋಣಿ ಎಂಬ ಬ್ಯಾಂಡಿನವನು ತನ್ನ ಜೀವ ತಾನೇ ತೆಗೆದುಕೊಂಡ. ಅಂಥವರಿಗೆ ಚರ್ಚಿನ ಸಮಾಧಿ ಭೂಮಿಯಲ್ಲಿ ಜಾಗವಿಲ್ಲ ಎಂಬುದು ಆಗಿನ ನಿಯಮ. ಅವನ ಹೆಂಡತಿ ಹೆಣದ ಪೆಟ್ಟಿಗೆ ಇಳಿಸಿ ಗೇಟಿನ ಹತ್ತಿರ ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಕೂತಿದ್ದಳು. ಜೊತೆಗೆ ಒಬ್ಬಳು ಹುಡುಗಿ, ಹದಿಮೂರೋ ಹದಿನಾಲ್ಕೋ.

"ಆ ಮನುಷ್ಯ ಕೆಲವು ತಿಂಗಳಿಂದ ಬುದ್ಧಿ ಸ್ಥಿಮಿತದಲ್ಲಿ ಇರ್ಲಿಲ್ಲ ಅಂತ ಆಯಮ್ಮ ಹೇಳಿದ್ಲು. ಅದನ್ನ ನಾನು ಒಪ್ಕೊಂಡಿದ್ರೆ ನಿಯಮದಲ್ಲೇ ದಾರಿ ಇತ್ತು. ನಾನು ಒಪ್ಲಿಲ್ಲ. ಹೊಸದಾಗಿ ಓದ್ಕೊಂಡು ಬಂದಿದ್ನಲ್ಲ, ಲ್ಯಾಟಿನ್ನಲ್ಲಿ ಕಾನೂನು ಹೇಳ್ದೆ. ಆಮೇಲೆ ಅದರ ಅರ್ಥಾನೂ ಹೇಳ್ದೆ."

ಕೊನೆಗೆ ಬ್ಯಾಂಡಿನವರೇ ಪೆಟ್ಟಿಗೆ ಎತ್ತಿಕೊಂಡು ಹೋಗಿ ಊರಿನ ಸಾರ್ವಜನಿಕ ಸ್ಮಶಾನದಲ್ಲಿ ಹೂಳಿದರು. ಪ್ರಾರ್ಥನೆ ಹೇಳುವವರು ಯಾರೂ ಇರಲಿಲ್ಲ.

ನಾನು ಕೀಲಿಮಣೆಯ ಕಡೆ ತಿರುಗಿದೆ. ಆ ಇಪ್ಪತ್ತು ಪದ್ಯ ಟೈಪ್ ಮಾಡಿದೆ. ಇಡೀ ಪುಸ್ತಕದಲ್ಲಿ ಅಷ್ಟು ಚೆನ್ನಾಗಿ ಕೂತ ಪದ್ಯಗಳು ಬೇರೆ ಇರಲಿಲ್ಲ.

ಪುಸ್ತಕ ಅಚ್ಚು ಹಾಕಿಸುವ ಹೊಣೆ ಹೊತ್ತಿದ್ದವರು ಫಾದರ್ ವಿನ್ಸೆಂಟ್ ಎಂಬ ಕಿರಿಯ ಪಾದ್ರಿ. ಓದಿಕೊಂಡವರು, ಮರ್ಯಾದಸ್ಥರು. ಹಸ್ತಪ್ರತಿಯನ್ನು ಮೂಲದೊಂದಿಗೆ ಹೋಲಿಸಿ ನೋಡಿ ಒಂದು ದಿನ ಅಂಗಡಿಗೇ ಬಂದರು.

"ಫಾದರ್, ಈ ಭಾಗ ತೆಗೀಬೇಕು. ಮೂಲದಲ್ಲಿ ಇಲ್ಲ."

"ನಮ್ಮ ಬಿಷಪ್ಪರು ತಮ್ಮ ಕಾಲದೋರನ್ನೆಲ್ಲ ಅಲ್ಲಿ ನಿಲ್ಲಿಸಿದ್ರು. ನಾನು ನನ್ನ ಕಾಲದ ಒಬ್ಬನನ್ನ ನಿಲ್ಲಿಸ್ದೆ."

"ಇದು ಅನುವಾದ ಅಲ್ಲ ಫಾದರ್, ಪಾಪನಿವೇದನೆ. ಅದಕ್ಕೆ ಬೇರೆ ಜಾಗ ಇದೆ."

ಫಾದರ್ ಚೌರಪ್ಪ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದರು. ಆ ಭಾಗ ಇದ್ದರೆ ಪುಸ್ತಕವಿಲ್ಲ, ತೆಗೆದರೆ ಪುಸ್ತಕ ಉಂಟು ಎಂಬುದು ಸ್ಪಷ್ಟವಾಗಿತ್ತು. ಎರಡು ವಾರ ಅವರ ಪತ್ತೆಯಿರಲಿಲ್ಲ. ಮೂರನೇ ವಾರ ಬಂದವರು ಕೂರಲಿಲ್ಲ.

"ನಾಳೆ ಅಂಗಡಿಗೆ ರಜಾ ಹಾಕೋಕಾಗತ್ತಾ? ಅಂತೋಣಿ ಮಗಳು ಕೆ.ಆರ್. ಪುರದಲ್ಲಿದಾಳೆ. ಅವಳು ಇಟ್ಕೊಳ್ಳಿ ಅಂದ್ರೆ ಇಟ್ಕೋತೀನಿ, ತೆಗೀರಿ ಅಂದ್ರೆ ತೆಗೀತೀನಿ. ನನ್ನ ಕಣ್ಣು ಮಂಜು, ಓದೋಕೆ ನೀವು ಬೇಕು."

ಆ ವಿಳಾಸ ಅವರ ಬಳಿ ಬಹಳ ವರ್ಷದಿಂದ ಇತ್ತು ಎಂದು ದಾರಿಯಲ್ಲಿ ತಿಳಿಯಿತು.

ಬೈಯಪ್ಪನಹಳ್ಳಿ ದಾಟಿ, ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಇಳಿದು, ಸೇತುವೆ ಕಟ್ಟಲು ಅಗೆದ ಮಣ್ಣಿನ ನಡುವೆ ಆಟೋ ಹಿಡಿದು ಹೋದೆವು. ಫಿಲೋಮಿನಾ ಅವರು ಆಸ್ಪತ್ರೆಯೊಂದರಲ್ಲಿ ನರ್ಸ್. ಐವತ್ತು ದಾಟಿದ, ಮಾತು ಕಡಿಮೆಯ ಹೆಂಗಸು. ಫಾದರ್ ತಮ್ಮ ಹೆಸರು ಹೇಳಿದಾಗ ಆಕೆ ಬಾಗಿಲ ಚಿಲಕದ ಮೇಲೆ ಇಟ್ಟಿದ್ದ ಕೈ ತೆಗೆಯಲಿಲ್ಲ. ಆಮೇಲೆ ಬಾಗಿಲು ಪೂರ್ತಿ ತೆರೆದು, "ಒಳಗೆ ಬನ್ನಿ ಸ್ವಾಮಿ," ಎಂದರು.

ನಾನು ಇಪ್ಪತ್ತು ಪದ್ಯವನ್ನೂ ಓದಿದೆ. ಫಾದರ್ ನೆಲ ನೋಡುತ್ತ ಕೂತಿದ್ದರು. ಓದು ಮುಗಿದ ಮೇಲೂ ಫಿಲೋಮಿನಾ ಕಾಗದವನ್ನೇ ನೋಡುತ್ತಿದ್ದರು.

"ಚೆನ್ನಾಗಿ ಬರ್ದಿದೀರಿ," ಎಂದರು. "ಆದ್ರೆ ಇದ್ರಲ್ಲಿ ಪೂರ್ತಿ ನಿಮ್ಮ ವಿಷ್ಯಾನೇ ಇದೆಯಲ್ಲ ಸ್ವಾಮಿ. ಗೇಟ್ ಒಳ್ಗಡೆ ನಿಂತಿರೋರ ಕಷ್ಟ. ಹೊರ್ಗಡೆ ಪೆಟ್ಗೇಲಿ ಇದ್ದೋರು ಯಾರು? ನಮ್ಮಪ್ಪನ ಹೆಸ್ರೇ ಇಲ್ಲ."

ಫಾದರ್ ತಲೆ ಎತ್ತಿದರು. ಅವರ ಮುಖದಲ್ಲಿ ಆ ಹೊತ್ತು ಕಂಡದ್ದನ್ನು ವರ್ಣಿಸಲು ನನಗೆ ಬರುವುದಿಲ್ಲ. ಈ ನಾಲ್ಕೈದು ವರ್ಷದಲ್ಲಿ ನಾನು ಅವರ ಎಷ್ಟೋ ತಪ್ಪು ಸಾಲುಗಳನ್ನು ತೋರಿಸಿದ್ದೆ; ಹೆಚ್ಚಿನ ಸಲ ವಾದ ಮಾಡಿದ್ದರು.

"ಹೇಳಮ್ಮ," ಎಂದರು. "ಅವರು ಹೇಗಿದ್ರು?"

ಫಿಲೋಮಿನಾ ಹೇಳಿದರು. ಅಪ್ಪ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು, ಮದುವೆಗೂ ಸಾವಿಗೂ. ಮನೆಗೆ ಬಂದ ಮೇಲೆ ಮಾತಾಡುವ ಬದಲು ನುಡಿಸಿಯೇ ಕರೆಯುತ್ತಿದ್ದರು. ಅಮ್ಮನಿಗೆ ಒಂದು ರಾಗ, ತನಗೆ ಒಂದು ರಾಗ. ಎಷ್ಟೋ ಜನರನ್ನು ಅದೇ ಸಮಾಧಿ ಭೂಮಿಯ ಒಳಗೆ ನುಡಿಸುತ್ತ ಕರೆದುಕೊಂಡು ಹೋಗಿದ್ದರು. "ಕೊನೇ ವರ್ಷ ತಲೆ ಸರಿ ಇರ್ಲಿಲ್ಲ. ರಾತ್ರಿ ಹಗ್ಲು ಅಳೋರು. ನಾನು ನರ್ಸ್ ಆದ್ಮೇಲೇನೇ ಅದು ಕಾಯಿಲೆ ಅಂತ ನಂಗೆ ಗೊತ್ತಾಗಿದ್ದು," ಎಂದರು.

ಆಮೇಲೆ ಟೀ ಕೊಟ್ಟರು. ಫಾದರ್ ಲೋಟ ಹಿಡಿದುಕೊಂಡೇ ಇದ್ದರು, ಕುಡಿಯಲಿಲ್ಲ. ಹೊರಡುವ ಮುಂಚೆ ಕೇಳಿದರು:

"ಅವರನ್ನ ಹೂಳಿದ ಜಾಗ ತೋರಿಸ್ತೀಯಾಮ್ಮ? ಅವತ್ತು ಹೇಳದೇ ಇದ್ದ ಪ್ರಾರ್ಥನೆ ಹೇಳ್ತೀನಿ."

"ಈಗ ಹೇಳಿದ್ರೆ ಏನಾಗತ್ತೆ ಸ್ವಾಮಿ?"

"ಗೊತ್ತಿಲ್ಲ," ಎಂದರು ಫಾದರ್.

ಆ ಪ್ರಾಮಾಣಿಕತೆಗೇ ಆಕೆ ಒಪ್ಪಿರಬೇಕು. ಮರುವಾರ ಒಂದು ಬೆಳಿಗ್ಗೆ ಮೂವರೂ ಸ್ಮಶಾನಕ್ಕೆ ಹೋದೆವು. ಗೋಡೆಯ ಪಕ್ಕದ ನಾಲ್ಕನೇ ಸಾಲು ಎಂಬುದು ಫಿಲೋಮಿನಾ ಅವರಿಗೆ ನೆನಪಿತ್ತು. ಗೋಡೆ ಇತ್ತು, ಸಾಲು ಇರಲಿಲ್ಲ. ಕಾವಲುಗಾರ ಬಂದು, ಆ ಜಾಗವನ್ನು ಆಮೇಲೆ ಮೂರು ಸಲ ಅಗೆದಾಗಿದೆ, ಒಬ್ಬರ ಮೇಲೆ ಒಬ್ಬರನ್ನು ಹಾಕಿದ್ದಾರೆ, ಯಾರು ಎಲ್ಲಿ ಎಂದು ಹೇಳಲಾಗುವುದಿಲ್ಲ ಎಂದ. ಫಿಲೋಮಿನಾ ಅತ್ತಿತ್ತ ನಡೆದು ನೋಡಿ ಬಂದರು. ನಾನು ಇನ್ನು ವಾಪಸು ಹೊರಡುವುದೇ ಎಂದುಕೊಂಡೆ.

"ಗೋಡೆಯಿಂದ ಆ ಬೇವಿನ ಮರದ ತನಕ ಎಲ್ಲರಿಗೂ ಸೇರಿಸಿ ಹೇಳ್ತೀನಿ," ಎಂದರು ಫಾದರ್. "ಅವರು ಎಲ್ಲಿದ್ರೂ ಅದರೊಳಗೆ ಬರ್ತಾರೆ."

ಹೆಗಲ ಮೇಲೆ ಪೂಜೆಯ ಪಟ್ಟಿ ಹಾಕಿಕೊಂಡು ಕನ್ನಡದ ಪ್ರಾರ್ಥನೆ ಪುಸ್ತಕ ತೆರೆದರು. ಕಣ್ಣು ಕಾಣದಿದ್ದರೂ ಬಾಯಿಗೆ ಅಭ್ಯಾಸವಾದದ್ದು ಲ್ಯಾಟಿನ್. ಅದರಲ್ಲೇ ಶುರು ಮಾಡಿದರು. ಫಿಲೋಮಿನಾ ತಡೆದರು.

"ಕನ್ನಡದಲ್ಲಿ ಹೇಳಿ ಸ್ವಾಮಿ. ಅಪ್ಪಂಗೆ ಅರ್ಥ ಆಗ್ಬೇಕು."

ಫಾದರ್ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ನಾನು ಒಂದೊಂದು ಸಾಲು ಮೆಲ್ಲಗೆ ಓದಿ ಹೇಳಿದೆ, ಅವರು ಅದನ್ನು ಗಟ್ಟಿಯಾಗಿ ಹೇಳಿದರು. ನಾನು ಆ ಧರ್ಮದವಳಲ್ಲ. ಹಾಗೆ ಮಾಡಬಹುದೋ ಬಾರದೋ ನನಗೆ ಈಗಲೂ ತಿಳಿಯದು. ಅಂತೋಣಿ ಎಂಬ ಹೆಸರು ಬರುವ ಕಡೆ ಮಾತ್ರ ಅವರಿಗೆ ನನ್ನ ಸಹಾಯ ಬೇಕಾಗಲಿಲ್ಲ. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಗೋಡೆಯಿಂದ ಮರದವರೆಗೆ ತೀರ್ಥ ಚಿಮುಕಿಸುತ್ತ ನಡೆದರು. ಫಿಲೋಮಿನಾ ಒಂದು ಹಿಡಿ ಮಣ್ಣು ತೆಗೆದುಕೊಂಡು ಅಲ್ಲೇ ಹಾಕಿದರು. ಅಳಲಿಲ್ಲ. ಕಾವಲುಗಾರ ತಲೆಯ ಟವಲು ತೆಗೆದು ನಿಂತಿದ್ದ.

ಫಾದರ್ ಚೌರಪ್ಪ ಇಪ್ಪತ್ತೂ ಪದ್ಯಗಳನ್ನು ತೆಗೆಸಿದರು. ಪಾದ್ರಿಯೂ ಹೋದ, ಬೀಗದ ಕೈಯೂ ಹೋಯಿತು. ಬದಲಿಗೆ ಪುಸ್ತಕದ ಕೊನೆಯಲ್ಲಿ, ಯುವಕ ಸದ್ಗುಣಗಳ ಬೆಟ್ಟದ ಬಾಗಿಲು ತಲುಪುವ ಕಡೆ, ಒಂದೇ ಒಂದು ಪದ್ಯ ಸೇರಿಸಿದರು:

ಬಾಗಿಲಲಿ ನಿಂತವನು ಯಾರೆಂದು ಕೇಳಿದೆನು
ರಾಗದಲೆ ಹೆಸರ ನುಡಿಸಿದನು ಅಂತೋಣಿ
ಕೂಗಿ ಕರೆದಿತ್ತು ಆ ಬೆಟ್ಟ

ಅದರ ಕೆಳಗೆ, 'ಈ ಮೂರು ಸಾಲು ಮೂಲದಲ್ಲಿಲ್ಲ. ತಪ್ಪು ಅನುವಾದಕನದು' ಎಂದು ಟಿಪ್ಪಣಿ ಹಾಕಿಸಿದರು. ಫಾದರ್ ವಿನ್ಸೆಂಟ್ ಆ ಟಿಪ್ಪಣಿಯ ಮೇಲೆ ಬೆರಳಿಟ್ಟು ಓದಿ, "ಇರಲಿ ಬಿಡಿ," ಎಂದರು.

ಪುಸ್ತಕ ಬಂತು. ಬಿಡುಗಡೆಗೆ ಹದಿನೈದು ಜನ ಇದ್ದರು. ಯಾವ ಪತ್ರಿಕೆಯೂ ಅದರ ಬಗ್ಗೆ ಬರೆದದ್ದು ನಾನು ಕಾಣೆ. ಫಾದರ್ ಅದಕ್ಕೆ ಬೇಸರಪಟ್ಟುಕೊಳ್ಳಲಿಲ್ಲ. "ನಮ್ಮ ಬಿಷಪ್ಪರಿಗೆ ಆರುನೂರು ವರ್ಷ ಯಾರೂ ಓದದೆ ಅಭ್ಯಾಸ ಆಗಿದೆ," ಎಂದರು. ಫಿಲೋಮಿನಾ ಒಂದು ಪ್ರತಿ ತೆಗೆದುಕೊಂಡು ಹೋದರು. ಆಮೇಲೆ ಅವರು ತಿಂಗಳಿಗೊಮ್ಮೆ ಹಲಸೂರಿಗೆ ಬಂದು ಫಾದರ್‌ಗೆ ರಕ್ತದೊತ್ತಡ ನೋಡಿ ಹೋಗುತ್ತಿದ್ದರು ಎಂದು ಕೇಳಿದೆ. ಅವರ ನಡುವೆ ಏನು ಮಾತಾಗುತ್ತಿತ್ತೋ ಗೊತ್ತಿಲ್ಲ. ಕ್ಷಮಿಸಿದೆ ಎಂದು ಆಕೆ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಫಾದರ್ ಚೌರಪ್ಪ ತೀರಿಕೊಂಡರು. ತಮ್ಮನ್ನು ಆ ಸಾರ್ವಜನಿಕ ಸ್ಮಶಾನದಲ್ಲೇ, ಬೇವಿನ ಮರದ ಕಡೆ ಹೂಳಬೇಕು ಎಂದು ಬರೆದಿಟ್ಟಿದ್ದರಂತೆ. ಪಾದ್ರಿಗಳಿಗೆ ಬೇರೆ ಜಾಗವಿದೆ, ಅಲ್ಲೇ ಆಗಬೇಕು ಎಂದು ಹಿರಿಯರು ತೀರ್ಮಾನಿಸಿದರು. ನಾನು ಹೋದಾಗ ಪೂಜೆ ಮುಗಿದು ಪೆಟ್ಟಿಗೆ ಇಳಿಸುವ ಹೊತ್ತು. ಮುಂದಿನ ಸಾಲಿನಲ್ಲಿ ಪಾದ್ರಿಗಳು, ಸಿಸ್ಟರ್‌ಗಳು, ಕನಕಪುರದ ಕಡೆಯಿಂದ ಬಂದಿದ್ದ ಅವರ ನೆಂಟರು. ಜನರನ್ನು ಸರಿಸಿಕೊಂಡು ಫಿಲೋಮಿನಾ ಮುಂದೆ ಬಂದರು. ಆಸ್ಪತ್ರೆಯ ಬಿಳಿ ಸೀರೆಯಲ್ಲೇ ಇದ್ದರು.

ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಒಬ್ಬ ಪಾದ್ರಿ ಕೈ ಅಡ್ಡ ಹಿಡಿದು, ಮೊದಲು ಹತ್ತಿರದವರು ಮಣ್ಣು ಹಾಕಲಿ ಎಂದು ಹೇಳಿ, ಮೆಲ್ಲಗೆ ಕೇಳಿದರು: "ನೀವು ಫಾದರ್‌ಗೆ ಏನಾಗ್ಬೇಕಮ್ಮ?"

"ನಮ್ಮಪ್ಪನ್ನ ಮಣ್ಣು ಮಾಡಿದ್ದು ಇವರೇ," ಎಂದರು ಫಿಲೋಮಿನಾ.

ಪಾದ್ರಿ ಕೈ ಇಳಿಸಿ ದಾರಿ ಬಿಟ್ಟರು.